ಬಾವಿಗೆ ಬಿದ್ದ ಎಲ್ಸಿ

"ಅಲ್ಲಾ, ಆ ಹೆಣ್ಮಗ ಬಾವಿಗ್ ಬಿದ್ದೋದ್ಮೇಲ ಏನಾಯ್ತು ಅಂತೀನಿ?"

ಸುಂದ್ರಮ್ಮ ಯಾರನ್ನೂ ಕೇಳಿದ್ದಲ್ಲ. ಶಾಲೆಯ ಅಡುಗೆ ಕೋಣೆಯಲ್ಲಿ ಅವಳನ್ನೂ ಸಾರಿನ ಪಾತ್ರೆಯನ್ನೂ ಬಿಟ್ಟರೆ ಮೂರನೆಯವರಿರಲಿಲ್ಲ. ಪಾತ್ರೆ ಉತ್ತರ ಕೊಡುವ ಬದಲು ಉಕ್ಕಿ ಒಲೆಯ ಮೇಲೆ ಸುರಿಯಿತು. ಬಿಸಿಯೂಟ ಶುರುವಾದಾಗಿನಿಂದ ಸುಂದ್ರಮ್ಮನ ಸಾರು ಉಕ್ಕಿದ್ದನ್ನು ಕಂಡವರಿಲ್ಲ.

ಕಿಟಕಿಯಾಚೆ ಆಗತಾನೇ ಬಸ್ಸಿಳಿದು ಬರುತ್ತಿದ್ದ ಮಲ್ಲಿಕಾರ್ಜುನಸ್ವಾಮಿ ಮೇಷ್ಟ್ರ ಕಿವಿಗೆ ಆ ಮಾತು ಬಿತ್ತು. ಬೇರೆ ಮೇಷ್ಟ್ರಾಗಿದ್ದರೆ "ಸಾರು ನೋಡಮ್ಮಾ" ಎನ್ನುತ್ತಿದ್ದರು. ಇವರ ಮುಖ ಮಾತ್ರ ಎಣ್ಣೆ ಹೊಯ್ದ ನಂದಾದೀಪದಂತೆ ಬೆಳಗಿತು. ಬೆಳಗದೆ ಏನು ಮಾಡೀತು? ಆ ಹೆಣ್ಣುಮಗುವನ್ನು ಬಾವಿಗೆ ಬೀಳಿಸಿದವರೇ ಅವರು.

ಬೇಗೂರಿನಿಂದ ಒಳಕ್ಕೆ ಹೋದರೆ ಸಿಗುವ ಕರಿಕಲ್ಲುಹುಂಡಿಯ ಪ್ರೌಢಶಾಲೆಯಲ್ಲಿ ಸ್ವಾಮಿ ಮೇಷ್ಟ್ರು ಇಂಗ್ಲಿಷ್ ಕಲಿಸುತ್ತಿದ್ದರು. ಮಕ್ಕಳಿಗೆ ಇಂಗ್ಲಿಷ್ ಎಂದರೆ ಪಕ್ಕದ ಮನೆಯ ನಾಯಿ. ಇದೆ ಎಂದು ಗೊತ್ತು, ಹತ್ತಿರ ಹೋಗುವುದಿಲ್ಲ. ಪರೀಕ್ಷೆಗೆ ಪ್ರಶ್ನೋತ್ತರ ಉರುಹೊಡೆದು, ಬರೆದು, ಮನೆಗೆ ಹೋಗುವ ದಾರಿಯಲ್ಲೇ ಮರೆತು ಹಗುರಾಗುತ್ತಿದ್ದರು. ಇದನ್ನು ಕಂಡು ಬೇಸತ್ತಿದ್ದ ಮೇಷ್ಟ್ರು ಮೈಸೂರಿನ ತರಬೇತಿಯಿಂದ ಹೊಸ ಮಂತ್ರ ಕಲಿತು ಬಂದಿದ್ದರು. ಸುಲಭವಾದ ಕತೆ ಪುಸ್ತಕಗಳನ್ನು ಮಕ್ಕಳ ಕೈಗೆ ಕೊಡಿ. ಪ್ರಶ್ನೆ ಕೇಳಬೇಡಿ, ಅಂಕ ಹಾಕಬೇಡಿ. ರುಚಿಗಾಗಿ ಓದಲಿ, ರಾಶಿ ರಾಶಿ ಓದಲಿ. ಭಾಷೆ ತಾನಾಗಿ ಮೈಗೆ ಹತ್ತುತ್ತದೆ.

ಮೇಷ್ಟ್ರು ಇದನ್ನು ಎರಡು ಮಾತಿಲ್ಲದೆ ನಂಬಿದರು. ಚಂದಕವಾಡಿಯ ಮಂಟಪದಲ್ಲಿ ಅಜ್ಜನ ತೊಡೆಯ ಮೇಲೆ ಕುಳಿತು ಕಾವ್ಯ ಕೇಳುತ್ತ ಬೆಳೆದವರು ಅವರು. ಅಕ್ಷರ ಬರುವ ಮೊದಲೇ ಷಟ್ಪದಿಯ ನಡೆ ಅವರ ಕಾಲಿಗೆ ಬಂದಿತ್ತು. ರುಚಿ ಮೊದಲು, ಅರ್ಥ ಆಮೇಲೆ ಎಂಬುದಕ್ಕೆ ಅವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಆದರೆ ಮೇಜಿನ ಮೇಲೆ ಪುಸ್ತಕ ಹರಡಿ ಕೂತರೆ ಮಕ್ಕಳು ಅದರ ಮೇಲೆ ಟಿಫನ್ ಡಬ್ಬಿ ಇಟ್ಟರು. ಆಗ ಮೇಷ್ಟ್ರಿಗೆ ಉಪಾಯವೊಂದು ಹೊಳೆಯಿತು. ನಿನ್ನೆ ಕೊನೆಯ ಪೀರಿಯಡ್ಡಿನಲ್ಲಿ ಒಂಬತ್ತನೇ ತರಗತಿಗೆ ಒಂದು ಇಂಗ್ಲಿಷ್ ಕತೆಯನ್ನು, ಸಾಲು ಓದಿ ಅರ್ಥ ಹೇಳಿ, ಸಾಲು ಓದಿ ಅರ್ಥ ಹೇಳಿ, ಥೇಟ್ ಅಜ್ಜನ ಧಾಟಿಯಲ್ಲೇ ಶುರುಮಾಡಿದರು. ಯಾವುದೋ ಚಳಿ ದೇಶ. ಎಲ್ಸಿ ಅನ್ನುವ ತಬ್ಬಲಿ ಹುಡುಗಿ. ಬೈಯುವ ಮಲತಾಯಿ. ಪ್ರಾಣಕ್ಕೆ ಪ್ರಾಣವಾದ ಒಂದು ಕುರಿಮರಿ. ಮಳೆ ಹೊಯ್ಯುವ ಸಂಜೆ ಮರಿ ಬಾವಿಯ ಅಂಚಿಗೆ ಹೋಯಿತು, ಎಲ್ಸಿ ಬಗ್ಗಿದಳು, ಕಾಲು ಜಾರಿತು, ದುಡುಮ್!

ಮೇಷ್ಟ್ರು ಪುಸ್ತಕ ಮುಚ್ಚಿದರು.

"ಆಮೇಲ ಸಾ?" ಅಂತ ಇಡೀ ತರಗತಿ ಒಂದೇ ಬಾಯಲ್ಲಿ ಕೇಳಿತು.

"ಆಮೇಲಿನದು ಪುಸ್ತಕಕ್ಕೆ ಗೊತ್ತು. ಇಲ್ಲೇ ಮೇಜಿನ ಮೇಲಿರುತ್ತೆ. ಬೇಕಾದವರು ಓದ್ಕೊಳ್ಳಿ."

ಆಮೇಲಿನದು ಮೇಷ್ಟ್ರಿಗೂ ಗೊತ್ತಿರಲಿಲ್ಲ. ಮಕ್ಕಳಿಗಿರುವಷ್ಟೇ ಕುತೂಹಲ ಓದಿಸುವವನಿಗೂ ಇರಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಅದನ್ನು ವ್ರತದಂತೆ ಪಾಲಿಸಿ ಅವರು ಮುಂದಿನ ಪುಟ ತಿರುವಿರಲಿಲ್ಲ. ಹೇಗೂ ರಕ್ಷಾಪುಟದ ಮೇಲೆ ಹುಡುಗಿಯೊಬ್ಬಳು ಕುರಿಮರಿಯನ್ನು ತಬ್ಬಿ ನಗುತ್ತಿದ್ದಳಲ್ಲ, ಅಷ್ಟು ಸಾಕಿತ್ತು.

ಇಷ್ಟೆಲ್ಲ ಆತುರಕ್ಕೆ ಕಾರಣವಿತ್ತು. ಚಾಮರಾಜನಗರದ ಶಿಕ್ಷಣ ಇಲಾಖೆಯ ಕಚೇರಿಯಿಂದ ನೀಲಾವತಿ ಮೇಡಂ ಇಂದು ಮಧ್ಯಾಹ್ನ ಬರುವವರಿದ್ದರು. ಅವರ ಬಳಿ ಇಂಗ್ಲಿಷ್ ಕತೆ ಪುಸ್ತಕ ತುಂಬಿದ ಒಂದು ಬೀರು ಇತ್ತು. ತನ್ನಿಷ್ಟಕ್ಕೆ ಪುಸ್ತಕ ಹಿಡಿದು ಓದುವ ಒಂದೇ ಒಂದು ಮಗು ಕಣ್ಣಿಗೆ ಬಿದ್ದರೂ ಬೀರು ಈ ಶಾಲೆಗೆ. ಬೀಳದಿದ್ದರೆ ಬೀರು ಬೇರೆ ಊರಿಗೆ, ಸ್ವಾಮಿ ಮೇಷ್ಟ್ರ 'ಓದುವ ಪೀರಿಯಡ್' ಹೆಡ್‌ಮೇಷ್ಟ್ರು ರಾಜಶೇಖರರ ಪ್ರಶ್ನೋತ್ತರದ ಬಾಯಿಗೆ. ಬೀರು ಯಾವ ಗೋಡೆಗೆ ಒರಗಿ ನಿಲ್ಲಬೇಕು ಎಂಬುದನ್ನು ಮೇಷ್ಟ್ರು ಆಗಲೇ ನಿರ್ಧರಿಸಿಬಿಟ್ಟಿದ್ದರು.

ಪ್ರಾರ್ಥನೆ ಮುಗಿಯುವ ಹೊತ್ತಿಗೆ ಗೇಟಿನಲ್ಲಿ ಗದ್ದಲ. ಊರಿನ ಹತ್ತಾರು ಜನ. ಮುಂದೆ ವಿಭೂತಿ ಧರಿಸಿದ ಗುರುಮಲ್ಲಯ್ಯ. ಶ್ರಾವಣ ಬಂತೆಂದರೆ ಊರ ಮಂಟಪದಲ್ಲಿ ಪ್ರತಿ ಸಂಜೆ ಪುರಾಣ ಓದುವವರು ಅವರೇ. ಅವರ ಹಿಂದೆ ತೋಟದ ಮುದ್ದಯ್ಯ, ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತು ನಿಂತಿದ್ದ.

"ಮೇಷ್ಟ್ರೇ, ನೆನ್ನ ನೀವು ಓದ್ನ ಎಲ್ಲಿ ನಿಲ್ಸುದ್ರಿ?" ಗುರುಮಲ್ಲಯ್ಯ ಕೇಳಿದರು.

"ಹುಡುಗಿ ಬಾವಿಗೆ ಬಿದ್ದಲ್ಲಿ."

"ಶಿವಶಿವಾ!" ಗುರುಮಲ್ಲಯ್ಯ ಎರಡೂ ಕಿವಿ ಮುಚ್ಚಿಕೊಂಡರು. "ಶ್ರಾವಣದಲ್ಲಿ! ಓದ್ನ ಅಲ್ಲಿ ನಿಲ್ಸದುಂಟಾ? ಕಾಳಗದಲ್ಲಿ ಒಬ್ಬ ಬಿದ್ದ ಅಂದ್ರ, ಅವನ ಮಗನ ಪಟ್ಟಾಭಿಷೇಕ ಬರಗಂಟ ನಾವು ದೀಪ ಕೆಳಕ್ ಇಳ್ಸದಿಲ್ಲ. ಗಂಟ್ಲು ಕಟ್ಕಂಡ್ರೂ ಓದ್ತೀವಿ. ಅಶುಭದಲ್ಲಿ ಓದು ನಿಂತ್ರ ಕೇಳ್ದೋರ ಮನ ಮ್ಯಾಲ ಕೂತ್ಕತ್ತದ. ಚಂದಕವಾಡಿಯೋರು ನೀವು, ನಿಮ್ಗ ನಾ ಹೇಳ್ಬೇಕಾ?"

"ಅದು ಪುರಾಣಕ್ಕೆ ಸ್ವಾಮಿ. ಇದು ಇಂಗ್ಲಿಷ್ ಕತೆ."

"ಬಾವಿಗ ಇಂಗ್ಲಿಷ್ ಬಾವಿ, ಕನ್ನಡ ಬಾವಿ ಅಂತ ಅದ್ದಾ?" ಮುದ್ದಯ್ಯ ಮುಂದೆ ಬಂದ. "ನನ್ನ ಮಗ ಶಶಿಕುಮಾರ ಬಂದು ಕತ ಹೇಳ್ದ. ಇವತ್ ಬೆಳಗ್ಗ ನಮ್ ಬಾವಿ ಮೋಟ್ರು ಸುಟ್ಟೋಯ್ತು. ಬಾವಿ ಸಾವಾಸ ಬಾವಿಗೇ ಬಂತು ನೋಡಿ!"

"ನಮ್ಮನೇಲಿ ಹಾಲು ಒಡೀತು," ಹಿಂದಿನಿಂದ ಒಬ್ಬಳು.

"ನಮ್ ಎತ್ತು ಕುಂಟ್ತಾ ಅದ," ಇನ್ನೊಬ್ಬ.

"ನಿಮ್ಮ ಎತ್ತು ಯುಗಾದಿಯಿಂದ್ಲೂ ಕುಂಟ್ತಾ ಇದೆಯಲ್ರೀ," ಎಂದರು ಮೇಷ್ಟ್ರು.

"ಅದು ಹಿಂಗಾಲು ಸಾ. ಇವತ್ತು ಮುಂಗಾಲೂ ಸೇರ್ಕಂಡದ!"

"ನಮ್ಮೂರ್ ಬಾವಿ ಆಗಿದ್ರ ನಾನೇ ಇಳ್ದು ಎತ್ಬುಡ್ತಿದ್ದೆ," ಮುದ್ದಯ್ಯ ಹಗ್ಗವನ್ನು ಅಸಹಾಯಕನಾಗಿ ನೋಡಿಕೊಂಡ. "ಮೇಷ್ಟ್ರೇ, ನಿಮ್ ಕೈ ಮುಗೀತೀನಿ. ಆ ಎಲ್ಸವ್ವನ್ನ ಮೇಲಕ್ ತನ್ನಿ."

ಎಲ್ಸವ್ವ! ಒಂದೇ ರಾತ್ರಿಯಲ್ಲಿ ಹುಡುಗಿ ಈ ಊರಿನ ಮಗಳಾಗಿಬಿಟ್ಟಿದ್ದಳು. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಇದಕ್ಕಿಂತ ದೊಡ್ಡ ಗೆಲುವು ಉಂಟೆ?

"ಎತ್ತೋದು ನನ್ನ ಕೈಲಿಲ್ಲ," ಎಂದರು ಧೈರ್ಯವಾಗಿ. "ನಿಮ್ಮ ಮಕ್ಕಳ ಕೈಲಿದೆ. ಪುಸ್ತಕ ಮೇಜಿನ ಮೇಲಿದೆ. ಅವರು ಓದಿ ಹೇಳಲಿ."

ಜನ ಮೇಷ್ಟ್ರನ್ನು ಬಿಟ್ಟು ಮಕ್ಕಳ ಕಡೆಗೆ ತಿರುಗಿದರು. "ಓದ್ಲಾ!" "ಏನಮ್ಮಿ ನೋಡ್ತಾ ಕುಂತಿದ್ದಯ್, ಓದು!" ಎಂದು ಕಿಟಕಿಗಳಿಂದ ಕೂಗು. ಮಕ್ಕಳು ಪುಸ್ತಕದ ಮೇಲೆ ಮುಗಿಬಿದ್ದರು. ಶಶಿಕುಮಾರ ಹಿಡಿದರೆ ಇನ್ನೊಬ್ಬ ಕಿತ್ತುಕೊಂಡ. ಸುಂದ್ರಮ್ಮನ ಮಗಳು ಮೀನಾ ಒಬ್ಬಳು ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದಳು. ಇರುವವರಲ್ಲಿ ಜಾಣೆ ಅವಳೇ, ಸ್ವಲ್ಪ ಸಂಕೋಚದ ಹುಡುಗಿ. ನೂಕುನುಗ್ಗಲು ಕಳೆದ ಮೇಲೆ ಓದುತ್ತಾಳೆ ಬಿಡು ಎಂದುಕೊಂಡರು ಮೇಷ್ಟ್ರು.

"ನೋಡಿದ್ರಾ ಸಾರ್," ಎಂದರು ರಾಜಶೇಖರರ ಕಡೆ ತಿರುಗಿ. "ಇಂಗ್ಲಿಷ್ ಪುಸ್ತಕಕ್ಕೆ ಹೊಡೆದಾಟ. ಎಲ್ಲಾದ್ರೂ ಕಂಡಿದ್ರಾ?"

"ಹೊಡೆದಾಟ ಕಾಣ್ತಿದೆ. ಓದು ಕಾಣ್ತಿಲ್ವಲ್ರೀ," ಎಂದರು ರಾಜಶೇಖರ್. ಅವರು ಗಣಿತದವರು, ಕಂಡದ್ದನ್ನಷ್ಟೇ ನಂಬುವವರು.

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೊದಲ ಸಾಲಿಗೇ ಮಕ್ಕಳ ಗಾಡಿಯ ಚಕ್ರ ಹೂತುಕೊಂಡಿತು. ಇತ್ತ ಇಂಗ್ಲಿಷು, ಅತ್ತ ಕಿಟಕಿಯಲ್ಲಿ ಅಪ್ಪ. ಕೊನೆಗೆ ಶಶಿಕುಮಾರ ಎದ್ದು ನಿಂತು ಪುಸ್ತಕ ಎತ್ತಿ ಹಿಡಿದು ಘೋಷಿಸಿದ: "ಗೊತ್ತಾಯ್ತು ಕಣಪ್ಪೋ! ಬಾವಿಲಿ ಒಂದು ದೊಡ್ಡ ಆಮ ಇತ್ತಂತ. ಎಲ್ಸವ್ವ ಅದ್ರ ಬೆನ್ ಮ್ಯಾಲೇ ಬಿದ್ಲಂತ!"

ಮುದ್ದಯ್ಯ ಹಗ್ಗ ನೆಲಕ್ಕೆ ಹಾಕಿ ಕೈ ಮುಗಿದ. ಮಗನ ಬೆನ್ನು ತಟ್ಟಿ ಟೀ ಅಂಗಡಿಗೆ ಓಡಿ ಸುದ್ದಿ ಮುಟ್ಟಿಸಿದ. ಇದನ್ನು ಕಂಡ ಉಳಿದ ಮಕ್ಕಳಿಗೂ ದಾರಿ ಹೊಳೆಯಿತು. ಎರಡನೆಯವನ ಪುಸ್ತಕದಲ್ಲಿ ನಾಗಕನ್ಯೆ ಬಂದು ಎಲ್ಸವ್ವನನ್ನು ಪಾತಾಳಕ್ಕೆ ಕರೆದೊಯ್ದು ಅರಿಸಿನ ಕುಂಕುಮ ಕೊಟ್ಟಳು. ಮೂರನೆಯವಳ ಪುಸ್ತಕದಲ್ಲಿ ಸಾಕ್ಷಾತ್ ಮಾದಪ್ಪನೇ ಹುಲಿಯ ಮೇಲೆ ಬಂದು, ಹುಲಿಯ ಬಾಲ ಇಳಿಬಿಟ್ಟು, ಅದನ್ನು ಹಿಡಿದು ಮೇಲೆ ಬಾ ಎಂದ. ಪುಸ್ತಕ ಒಂದೇ, ಪ್ರತಿ ಕೈಯಲ್ಲೂ ಬೇರೆ ಕತೆ!

ಊಟದ ಹೊತ್ತಿಗೆ ಟೀ ಅಂಗಡಿ ಮೂರು ಪಂಗಡವಾಗಿತ್ತು.

"ಚಳಿ ದೇಶದ ಬಾವಿಗ ಮಾದಪ್ಪ ಯಾಕ್ಲಾ ಓಯ್ತನ?"

"ಕರುದ್ರ ಎಲ್ಗಾದ್ರೂ ಬತ್ತನ. ನಿನ್ನ ಆಮಗಿಂತ ಕಡಮನಾ ನಮ್ಮಪ್ಪ?"

"ನಮ್ಮುಡ್ಗ ಓದಿ ಹೇಳವ್ನ ಕಣ್ಲಾ!"

"ನಿಮ್ಮುಡ್ಗನ್ಗ ಕನ್ನಡ ಓದಾಕೇ ಬರದಿಲ್ಲ, ಬುಡ್ಲಾ!"

ಒಬ್ಬನ ಟವೆಲ್ಲು ಇನ್ನೊಬ್ಬನ ಕೈಗೆ ಬಂತು. ಗ್ಲಾಸು ಉರುಳಿತು. ರಾಜಶೇಖರ್ ಬೆವರೊರೆಸುತ್ತ ಓಡಿಬಂದರು. "ಸ್ವಾಮಿ, ಮಕ್ಕಳಿಗೆ ಓದಿಸ್ರೀ ಅಂದ್ರೆ ಊರಿಗೇ ಬೆಂಕಿ ಹಚ್ಚಿದ್ರಲ್ರೀ! ಇನ್ನೇನು ಮೇಡಂ ಬರ್ತಾರೆ."

"ಬರಲಿ ಸಾರ್. ಒಂದು ಕತೆಗಾಗಿ ಇಡೀ ಊರು ಬೀದಿಗೆ ಬಂದಿದೆ. ಇದನ್ನ ಅವರು ನೋಡ್ಲೇಬೇಕು," ಎಂದರು ಮೇಷ್ಟ್ರು. ಪ್ರವಾಹದ ನಡುವೆ ನಿಂತ ಗರುಡಗಂಬದಂತೆ ಅಲುಗಲಿಲ್ಲ.

ಗುರುಮಲ್ಲಯ್ಯನವರು ಬಂದು ಜಗಳ ಬಿಡಿಸಿ ತೀರ್ಪು ಕೊಟ್ಟರು. ಕೂಸುಗಳ ಮಾತು ಬೇಡ. ಓದು ಶುರುಮಾಡಿದವರೇ ಮುಗಿಸಬೇಕು. ಮಂಟಪದಲ್ಲಿ, ದೀಪದ ಮುಂದೆ, ಎಲ್ಲರ ಎದುರಿಗೆ.

ಮೇಷ್ಟ್ರು ಒಂದು ಕ್ಷಣ ಹಿಂಜರಿದರು. ತಾವೇ ಓದಿಬಿಟ್ಟರೆ ಮಕ್ಕಳು ಓದುವುದೇನು ಉಳಿಯಿತು? ಆದರೆ ಸುಂದ್ರಮ್ಮ ಸೆರಗಿನಲ್ಲಿ ಕಣ್ಣೊರೆಸುತ್ತ, "ಸಾ, ಆ ಮಗ ನೆನ್ನಿಂದ್ಲೂ ತಣ್ಣೀರಲ್ಲಿ ನಿಂತದಲ್ಲಾ" ಎಂದಾಗ ಅವರ ಮನಸ್ಸು ಕರಗಿತು. ಅದೂ ಅಲ್ಲದೆ, ಮಂಟಪದಲ್ಲಿ ಓದುವುದೆಂದರೆ ಅವರ ರಕ್ತದಲ್ಲೇ ಇದ್ದ ಆಸೆ.

ಮಂಟಪದಲ್ಲಿ ದೀಪ ಹಚ್ಚಿದರು. ವ್ಯಾಸಪೀಠದ ಮೇಲೆ ಎಲ್ಸಿಯ ಪುಸ್ತಕ ಇಟ್ಟು ಹೂವಿನ ಎಸಳು ಏರಿಸಿದರು. ಶಾಲೆಯ ಮಕ್ಕಳೆಲ್ಲ ಕೆಳಗೆ ಸಾಲಾಗಿ ಕೂತರು. ಅಷ್ಟರಲ್ಲಿ ಜೀಪೊಂದು ಬಂದು, ಜನ ಬೀದಿ ತುಂಬಿದ್ದರಿಂದ ಅಲ್ಲೇ ನಿಂತಿತು. ಇಳಿದ ನೀಲಾವತಿ ಮೇಡಂ ಪೀಠವನ್ನೂ ಅದರ ಮೇಲಿನ ಇಂಗ್ಲಿಷ್ ಪುಸ್ತಕವನ್ನೂ ನೋಡಿ ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು.

"ಏನಿದು ಮೇಷ್ಟ್ರೇ?"

"ಓದು ಮೇಡಂ. ಕೂತ್ಕೊಳ್ಳಿ."

ಮೇಡಂ ಸುಂದ್ರಮ್ಮನ ಪಕ್ಕ ಚಾಪೆಯ ಮೇಲೆ ಕೂತರು. ಮೇಷ್ಟ್ರು ಕಣ್ಮುಚ್ಚಿ ಅಜ್ಜನನ್ನು ನೆನೆದು, ನಿನ್ನೆ ನಿಲ್ಲಿಸಿದ ಪುಟ ತೆರೆದರು. ಅದರ ಹಿಂದೆ ಒಂದೇ ಪುಟ ಉಳಿದಿತ್ತು. ಹಾಳೆ ಮಗುಚಿದರು. ಬಾಯಿ ತೆರೆಯುವ ಮೊದಲೇ, ಓದಿ ಪಳಗಿದ ಕಣ್ಣು ಮುಂದಕ್ಕೆ ಓಡಿ ಕೊನೆಯ ಸಾಲು ಮುಟ್ಟಿಬಿಟ್ಟಿತು.

ಎಲ್ಸಿ ಮೇಲೆ ಬಂದಿರಲಿಲ್ಲ. ಕುರಿಮರಿ ಒಂದೇ ಮನೆಗೆ ಹೋಗಿತ್ತು. ಬಾವಿಯ ನೀರು ಅಲುಗುವುದನ್ನು ನಿಲ್ಲಿಸಿತ್ತು. ಕತೆ ಮುಗಿದಿತ್ತು.

ಮೇಷ್ಟ್ರು ತಲೆ ಎತ್ತಿದರು. ಎದುರಿಗೆ ಇಡೀ ಊರು ಬಾಯಿ ತೆರೆದು ಕೂತಿದೆ. ಮುದ್ದಯ್ಯನ ಹಗ್ಗ ಮತ್ತೆ ಹೆಗಲಿಗೇರಿದೆ. ಸುಂದ್ರಮ್ಮ ಮೇಡಂನ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ.

"ಹೂಂ," ಎಂದರು ಗುರುಮಲ್ಲಯ್ಯ.

ಮೇಷ್ಟ್ರು ಪುಸ್ತಕವನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡರು. "ಬಟ್," ಎಂದು ಗಂಭೀರವಾಗಿ ನಿಲ್ಲಿಸಿದರು. "ಬಟ್ ಎಲ್ಸಿ ಡಿಡ್ ನಾಟ್ ಡೈ! ಆದರೆ ಕೇಳಿ ಮಹನೀಯರೇ, ಎಲ್ಸಿ ಸಾಯಲಿಲ್ಲ!"

ಮಂಟಪವೇ ಉಸಿರು ಬಿಟ್ಟಿತು.

ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ಪುಟದಲ್ಲಿ ಸತ್ತವಳು ನಾಲಗೆಯಲ್ಲಿ ಎದ್ದಳು. ಬಾವಿಯ ಗೋಡೆಯಲ್ಲಿ ಒಂದು ಬೇರು ಮೂಡಿತು, ಎಲ್ಸಿ ಅದಕ್ಕೆ ಜೋತುಬಿದ್ದಳು. ಮರಿಯ ಕೂಗು ಕೇಳಿ ದಾರಿಹೋಕ ತರುಣನೊಬ್ಬ ಹಗ್ಗ ಇಳಿಬಿಟ್ಟ. "ಎ ಲಾಂಗ್ ರೋಪ್! ಉದ್ದನೆಯ ಹಗ್ಗ!" ಎಂದಾಗ ಮುದ್ದಯ್ಯ ಎದ್ದು ನಿಂತು ಸುತ್ತಲೂ ತನ್ನ ಹಗ್ಗ ತೋರಿಸಿದ. ಮಲತಾಯಿ ಓಡಿಬಂದು ಎಲ್ಸಿಯನ್ನು ತಬ್ಬಿ ಅತ್ತಳು. ಸುಂದ್ರಮ್ಮನೂ ಅತ್ತಳು. ಇಂಗ್ಲಿಷ್ ಸಾಲು ಬರುವುದೂ ಅದರ ಬೆನ್ನಿಗೆ ಕನ್ನಡದ ಅರ್ಥ ಬರುವುದೂ ಮದ್ದಳೆ ಬಾರಿಸುವ ಎರಡು ಕೈಗಳಂತೆ ನಡೆಯಿತು.

"ಭಲೆ! ಈಗ ಮಂಗಳ ಆಗ್ಲಿ," ಎಂದರು ಗುರುಮಲ್ಲಯ್ಯ. "ಒಂದು ಮದುವ ಆಗ್ಬುಡ್ಲಿ."

"ಅದೇ ಶುಭ ಮುಹೂರ್ತದಲ್ಲಿ ಆ ತರುಣನಿಗೂ ಎಲ್..." ಎಂದವರಿಗೆ ಮೇಡಂನ ಹುಬ್ಬು ಮೇಲೇರುವುದು ಕಂಡಿತು. ಎಲ್ಸಿಗೆ ಇನ್ನೂ ಹತ್ತು ವರ್ಷ. "...ಎಲ್ಸಿಯ ಸೋದರತ್ತೆಗೂ ಮದುವೆಯಾಯಿತು! ಶಿ ವಾಸ್ ಟ್ವೆಂಟಿಫೈವ್! ಆಕೆಗೆ ತುಂಬಿದ ಇಪ್ಪತ್ತೈದು!"

ಮಂಗಳಾರತಿಯಾಯಿತು. ಆಮೆಯ ಪಂಗಡ, ನಾಗಕನ್ಯೆಯ ಪಂಗಡ, ಮಾದಪ್ಪನ ಪಂಗಡ ಒಂದೇ ತಟ್ಟೆಯ ಕಲ್ಲುಸಕ್ಕರೆ ತಿಂದವು. "ನಾಳ ಯಾವ್ ಕತ ಮೇಷ್ಟ್ರೇ?" ಎಂದು ನಾಲ್ಕೂ ಕಡೆಯಿಂದ ಕೇಳಿದರು. ರಾಜಶೇಖರರು ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡದ್ದನ್ನು ನೋಡಿದವರಿದ್ದಾರೆ.

ನೀಲಾವತಿ ಮೇಡಂ ಎದ್ದು ಬಂದರು. "ಇಷ್ಟು ವರ್ಷದ ಸರ್ವೀಸಿನಲ್ಲಿ ಇಂಥ ಓದು ನಾನು ಕೇಳಿಲ್ಲ ಮೇಷ್ಟ್ರೇ. ಬೀರು ನಾಳೇನೇ ಕಳಿಸ್ತೀನಿ."

ಮೇಷ್ಟ್ರ ಕಣ್ಣ ಮುಂದೆ ಬೀರು ತಾನಾಗಿ ನಡೆದು ಬಂದು ಗೋಡೆಗೆ ಒರಗಿತು.

"ಒಂದೇ ಒಂದು," ಎಂದರು ಮೇಡಂ. "ನೀವು ಓದೋದು ಕೇಳಿದ್ದಾಯ್ತು. ಒಂದು ಮಗು ಓದೋದನ್ನೂ ಕೇಳಿಬಿಟ್ಟು ಹೊರಡ್ತೀನಿ. ಅರ್ಧ ಪುಟ ಸಾಕು. ಬೀರು ಮಕ್ಕಳಿಗಲ್ವಾ?"

ಮೇಷ್ಟ್ರು ಮಕ್ಕಳ ಕಡೆ ನೋಡಿದರು. ಶಶಿಕುಮಾರ ಕಂಬದ ಹಿಂದೆ ಸರಿದ. ಉಳಿದವರು ಕಲ್ಲುಸಕ್ಕರೆ ಬಾಯಲ್ಲಿದೆ ಎಂದು ಕೈಯಲ್ಲೇ ತೋರಿಸಿದರು. ಮೇಷ್ಟ್ರಿಗೆ ಚಿಂತೆಯಾಗಲಿಲ್ಲ. ಮೀನಾ ಇದ್ದಳಲ್ಲ.

"ಬಾಮ್ಮ ಮೀನಾ." ಕುರಿಮರಿ ಹುಲ್ಲಿನ ಮೇಲೆ ಕುಣಿಯುವ ಮೊದಲನೆಯ ಪುಟ ತೆರೆದು ಕೊಟ್ಟರು. "ನೀನು ಓದಬಲ್ಲೆ. ನನಗೆ ಗೊತ್ತು."

ಮೀನಾ ಪುಸ್ತಕ ತೆಗೆದುಕೊಂಡು ಮುಚ್ಚಿದಳು. ಅವರಿಗಷ್ಟೇ ಕೇಳುವಂತೆ ಹೇಳಿದಳು: "ನೆನ್ನ ಸಂಜೇನೇ ಓದ್ದೆ ಸಾ. ಅವ್ವ ಪಾತ್ರ ತೊಳಿತಿದ್ಲಲ್ಲ, ಆಗ. ಕಡೇ ಸಾಲ್ಗಂಟ."

ತಮ್ಮ ಸುಳ್ಳು ಇವಳಿಗೆ ಗೊತ್ತೆಂದು ಮೇಷ್ಟ್ರು ಬೆಚ್ಚಿದರು. ಮರುಕ್ಷಣ ಹಿಗ್ಗಿದರು. ಓದಿದ್ದಾಳೆ! ತಾನಾಗಿ, ಕೊನೆಯವರೆಗೆ! ಮಂತ್ರ ನಿನ್ನೆಯೇ ಫಲಿಸಿತ್ತು.

"ಮತ್ತೆ ಯಾರಿಗೂ ಹೇಳ್ಲಿಲ್ವಲ್ಲೇ?"

"ಎಂಗ್ ಹೇಳನ ಸಾ? ನಂಗೇ ರಾತ್ರಿ ಅನ್ನ ಸೇರ್ನಿಲ್ಲ. ಬೆಳಗ್ಗ ಅವ್ವ ಕೇಳುದ್ರ ಗೊತ್ತಿಲ್ಲ ಅಂದೆ." ಅವಳು ಮೂಗು ಒರೆಸಿಕೊಂಡಳು. "ಈಗ ನೀವ್ ಓದುದ್ರಿ, ಎಲ್ಸಿ ಎದ್ದು ಬಂದ್ಲು. ನಾ ಓದುದ್ರ ಸಾಯ್ತಳ, ನೀವ್ ಓದುದ್ರ ಬದುಕ್ತಳ. ಇನ್ಯಾಕ್ ಸಾ ನಾ ಓದ್ಲಿ?"

ಮೇಷ್ಟ್ರು ಅವಳ ಕೈಯಲ್ಲಿದ್ದ ಪುಸ್ತಕದ ಮೊದಲ ಪುಟ ಮತ್ತೆ ತೆರೆದರು.

"ಒಂದೇ ಸಾಲು, ಮೀನಾ," ಎಂದರು ಮೇಷ್ಟ್ರು, ದನಿ ತಗ್ಗಿಸಿ. "ಮೊದಲನೇ ಸಾಲು. ಅಲ್ಲಿ ಎಲ್ಸಿ ಇನ್ನೂ ಬದುಕಿದ್ದಾಳಲ್ಲಮ್ಮ."

ಮೀನಾ ತಲೆ ಎತ್ತಲಿಲ್ಲ. ನೀಲಾವತಿ ಮೇಡಂ ನಗುತ್ತ ಬಗ್ಗಿ ಅವಳ ಗಲ್ಲ ಹಿಡಿದರು. "ಏನ್ ಪುಟ್ಟಿ, ಸಂಕೋಚಾನಾ? ನನಗೋಸ್ಕರ ಒಂದು ಸಾಲು ಓದ್ತೀಯಾ?"

ಮೀನಾ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಪೀಠದ ಮೇಲೆ ಮೆಲ್ಲಗೆ ಇಟ್ಟಳು. ಆಮೇಲೆ ಬೀದಿಯ ಕೊನೆಯಲ್ಲಿ ನಿಂತವರಿಗೂ ಕೇಳುವ ಹಾಗೆ ಹೇಳಿದಳು:

"ನಾ ಓದಾಕಿಲ್ಲ."